ಕಾಲು ಮುಂದಾಗಿ ಹುಟ್ಟಿದವನ ಉಳುಕು

ಈಚೆಗೆ ನಾನು ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುತ್ತೇನೆ. ಅದೂ ಎಡಗಾಲಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದರೆ ಹೊಸ ಕತೆ ಶುರುವಾದೀತೆಂದು ಹೆಂಡತಿ ಲಲಿತ ನನ್ನನ್ನು ಹಿಂದಿನ ಬಾಲ್ಕನಿಗೆ ಓಡಿಸಿದ್ದಾಳೆ. ಅಲ್ಲಿ ಕಂಬಿಯಿದೆ, ಬೇಕಾದರೆ ಹಿಡಿದುಕೊಳ್ಳಬಹುದು. ಮೊದಲ ದಿನ ಬಲಗಾಲು ಮೇಲೆತ್ತಿ, ಬಾಯಲ್ಲಿ ನೊರೆ ತುಂಬಿಕೊಂಡು, ಕಣ್ಣು ಅರ್ಧ ಮುಚ್ಚಿ ನಿಂತಿದ್ದೆ. ಹಿಂದಿನ ಮನೆಯ ಬಾಡಿಗೆಯವರು ಬಟ್ಟೆ ಒಣಹಾಕಲು ಬಂದವರು ನನ್ನನ್ನು ನೋಡಿ, ಸದ್ದಾಗದಂತೆ ಬಕೆಟ್ ಕೆಳಗಿಟ್ಟು, ಕೈಮುಗಿದು ಒಳಗೆ ಹೋದರು. ಅರವತ್ತು ವರ್ಷದಲ್ಲಿ ಯಾರೂ ನನಗೆ ಅಷ್ಟು ಭಕ್ತಿಯಿಂದ ಕೈಮುಗಿದಿರಲಿಲ್ಲ ಎಂದು ಬರೆಯೋಣವೆಂದರೆ ಅದು ಸುಳ್ಳಾಗುತ್ತದೆ. ನಾನು ಹತ್ತು ವರ್ಷದವನಾಗಿದ್ದಾಗ ಇದೇ ಭಂಗಿಯಲ್ಲಿ ನಿಲ್ಲುತ್ತಿದ್ದೆ, ಆಗ ಇಡೀ ಜರಗನಹಳ್ಳಿ ನನಗೆ ಕೈಮುಗಿಯುತ್ತಿತ್ತು.

ಏಕೆಂದರೆ ನಾನು ಕಾಲು ಮುಂದಾಗಿ ಹುಟ್ಟಿದವನು. ಎಲ್ಲರೂ ತಲೆ ಮುಂದೆ ಮಾಡಿಕೊಂಡು ಈ ಲೋಕಕ್ಕೆ ಬಂದರೆ ನಾನು ಮೊದಲು ಬಲಗಾಲು ಹೊರಗೆ ಹಾಕಿ, ನೆಲ ಇದೆಯೋ ಇಲ್ಲವೋ ನೋಡಿಕೊಂಡು, ಆಮೇಲೆ ಬಂದೆನಂತೆ. ಅಮ್ಮನ ಜೀವ ಬಾಯಿಗೆ ಬಂದಿತ್ತು. ಸೂಲಗಿತ್ತಿ ಬೆವತು ನೀರಾಗಿದ್ದಳು. ನಮ್ಮಜ್ಜಿ ಮಾತ್ರ ಹೊಸಲಿನಾಚೆ ನಿಂತು, “ಕಾಲು ಮುಂದಾ? ಬಲಗಾಲಾ? ಸರಿಯಾಗಿ ನೋಡಿ ಹೇಳು” ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳಂತೆ. ಕಾಲು ಮುಂದಾಗಿ ಹುಟ್ಟಿದವರು ಕಾಲು ತಾಗಿಸಿದರೆ ಉಳುಕು ಹೋಗುತ್ತದೆ, ಹಿಡಿದ ಸೊಂಟ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇತ್ತು. ನಿಮ್ಮ ಕಡೆಯೂ ಇದ್ದೀತು. ಹೀಗಾಗಿ ನನಗೆ ಹೆಸರಿಡುವ ಮೊದಲೇ ಉದ್ಯೋಗ ಗೊತ್ತಾಗಿತ್ತು.

ಈ ಉದ್ಯೋಗಕ್ಕೆ ನಿಯಮಗಳಿದ್ದವು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಬೇಕು. ಸೊಂಟ ಹಿಡಿದವರು ನಮ್ಮ ಮನೆಯ ಜಗಲಿಗೆ ಎರಡೂ ಕೈ ಊರಿ, ತಲೆ ತಗ್ಗಿಸಿ ಬಗ್ಗಬೇಕು. ನಾನು ಅವರ ಹಿಂದೆ ಎಡಗಾಲಲ್ಲಿ ನಿಂತು, ಬಲಗಾಲಿನ ಹಿಮ್ಮಡಿಯಿಂದ ನೋವಿರುವ ಜಾಗಕ್ಕೆ ಮೂರು ಸಲ ತಾಗಿಸಬೇಕು. ಯಾರೂ ನನ್ನನ್ನು ಹಿಡಿದುಕೊಳ್ಳುವಂತಿಲ್ಲ, ಹಿಡಿದರೆ ಶಕ್ತಿ ಹರಿದುಹೋಗುತ್ತದೆ ಎಂದು ಅಜ್ಜಿಯ ಅಂಬೋಣ. ದಕ್ಷಿಣೆ ಮುಟ್ಟುವಂತಿಲ್ಲ, ಒಂದು ಹೋಳು ಕೊಬ್ಬರಿ, ಒಂದು ಉಂಡೆ ಬೆಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ನಿಯಮ. ದೊಡ್ಡವರಿಗೆ ಕಾಲು ತಾಗಿಸಿದರೆ ಪಾಪವಲ್ಲವೇ? ಆದ್ದರಿಂದ ಒದ್ದ ತಕ್ಷಣ ಅವರ ಮುಂದಕ್ಕೆ ಬಂದು, ಅವರ ಕಾಲಿಗೇ ಬಿದ್ದು ನಮಸ್ಕಾರ ಮಾಡಬೇಕಿತ್ತು. ಹಿಂದಿನಿಂದ ಒದ್ದು ಮುಂದಿನಿಂದ ಕಾಲಿಗೆ ಬೀಳುವ ಈ ವಿದ್ಯೆಯನ್ನು ನಾನು ಮುಂದುವರಿಸಿದ್ದರೆ ರಾಜಕೀಯದಲ್ಲಿ ಎಲ್ಲಿಗೋ ಹೋಗಬಹುದಿತ್ತು. ನಾನು ಹಾರ್ಡ್‌ವೇರ್ ಅಂಗಡಿ ಇಟ್ಟೆ.

ಒಮ್ಮೆ ನಮ್ಮ ಲೆಕ್ಕದ ಮೇಷ್ಟ್ರಿಗೇ ಸೊಂಟ ಹಿಡಿಯಿತು. ಅವರು ಪಂಚೆ ಎತ್ತಿ ಕಟ್ಟಿ, ಜಗಲಿಗೆ ಕೈಯೂರಿ, “ರಾಜಣ್ಣ, ಮೆಲ್ಲಗಪ್ಪಾ” ಎಂದು ಬಗ್ಗಿದಾಗ ಬೇಲಿಯಾಚೆ ನನ್ನ ಇಡೀ ಕ್ಲಾಸು ನಿಂತಿತ್ತು. ಅಂಥ ಅವಕಾಶ ಜರಗನಹಳ್ಳಿಯ ಶಾಲೆಯಲ್ಲಿ ಇನ್ನೊಬ್ಬ ಹುಡುಗನಿಗೆ ಸಿಕ್ಕಿರಲಾರದು. ಮೊದಲೆರಡನ್ನು ನಿಯಮದಂತೆ ತಾಗಿಸಿದೆ. ಮೂರನೆಯದಕ್ಕೆ ಹದಿನಾರರ ಮಗ್ಗಿಯನ್ನು ಸ್ವಲ್ಪ ನೆನಪಿಸಿಕೊಂಡೆ. ಮೇಷ್ಟ್ರು ಜಗಲಿಯ ಮೇಲೆ ಬೋರಲು ಬಿದ್ದು, ಎದ್ದು, “ಹೋಯ್ತು! ಬಿಟ್ಕೊಂಡ್ತು!” ಎಂದು ಆಶ್ಚರ್ಯದಿಂದ ಸೊಂಟ ತಿರುಗಿಸಿ ನೋಡಿದರು. ಮರುದಿನ ಅದೇ ಮಗ್ಗಿಗೆ ನನಗೆ ಬೆತ್ತದ ಏಟು ಬಿತ್ತು. ವಾಸಿಯಾದ ಸೊಂಟದಿಂದ ಅವರ ಕೈಗೆ ಹೊಸ ಬಲ ಬಂದಿತ್ತು.

ಇಂಥ ನಾನು, ಊರಿನ ಉಳುಕನ್ನೆಲ್ಲ ಒದ್ದು ಓಡಿಸಿದವನು, ಎರಡು ತಿಂಗಳ ಹಿಂದೆ ಜೆ.ಪಿ. ನಗರದ ಪಾರ್ಕೊಂದರಲ್ಲಿ ಕಾಲು ಉಳುಕಿಸಿಕೊಂಡೆ. ಓಡುವಾಗ ಅಲ್ಲ, ಹಾರುವಾಗ ಅಲ್ಲ. ಆರೋಗ್ಯಕ್ಕೆ ಒಳ್ಳೆಯದೆಂದು ಎಂಟರ ಆಕಾರದಲ್ಲಿ ದುಂಡುಗಲ್ಲು ಹಾಸಿದ ದಾರಿಯೊಂದನ್ನು ಮಾಡಿದ್ದಾರಲ್ಲ, ಅದರ ಮೇಲೆ ಬರಿಗಾಲಲ್ಲಿ ನಡೆಯುವಾಗ. ಎಂಟರ ನಡುವಿನ ಕತ್ತರಿಯಲ್ಲಿ ಎದುರಿಗೆ ಬಂದ ನಿವೃತ್ತ ಇಂಜಿನಿಯರೊಬ್ಬರಿಗೆ ದಾರಿ ಬಿಡಲು ಹೋದೆ, ಎಡಗಾಲು ಒಳಕ್ಕೆ ಮಡಚಿತು, ಪಾದದ ಮೇಲಿನ ಹೊರಗಂಟಿನ ಬಳಿ ಏನೋ ‘ಟಪ್’ ಎಂದಿತು. ಅವರು ನನ್ನನ್ನು ಎಬ್ಬಿಸುವ ಮೊದಲು, “ನೀವು ಉಲ್ಟಾ ದಿಕ್ಕಲ್ಲಿ ಬರ್ತಿದ್ರಿ ಸಾರ್. ಆರೋ ಮಾರ್ಕ್ ನೋಡ್ಲಿಲ್ವಾ?” ಎಂದು ತಿದ್ದಿದರು.

ಮನೆಗೆ ಬಂದ ನಾನು ಮಾಡಬಾರದ್ದನ್ನೆಲ್ಲ ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದೆ. ಬಿಸಿ ಹರಳೆಣ್ಣೆ ಹಾಕಿ ತಿಕ್ಕಿದೆ, ಬಿಸಿನೀರಲ್ಲಿ ಅದ್ದಿದೆ, ಹುಣಸೆ ಉಪ್ಪಿನ ಪಟ್ಟು ಹಾಕಿ, ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಹತ್ತಿ ಪೈಪು ಇಳಿಸಿದೆ. ಬೆಳಗಾಗುವಷ್ಟರಲ್ಲಿ ಕಾಲಿನ ಗಂಟು ಎಲ್ಲಿದೆ ಎಂದು ಹುಡುಕಬೇಕಾಯಿತು. ಲಲಿತ ಕತ್ರಿಗುಪ್ಪೆಯ ಹೆಣ್ಣು, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. “ಊರೋರ್ಗೆಲ್ಲ ಒದ್ದ ಕಾಲಲ್ವಾ, ಒಂದ್ಸಲ ನೀವೇ ಒದ್ಕೊಳ್ಳಿ” ಎಂದಳು. ಆಮೇಲೆ ಅವಳೇ ಆಟೋ ಕರೆದು, ಎಕ್ಸ್-ರೇ ತೆಗೆಸಿ, ಮೂಳೆ ಮುರಿದಿಲ್ಲವೆಂದು ತಿಳಿದ ಮೇಲೆ ಫಿಸಿಯೋಥೆರಪಿಯ ದಿವ್ಯಾ ಮೇಡಂ ಬಳಿಗೆ ಕರೆದುಕೊಂಡು ಹೋದಳು.

ಆದರೆ ನನಗೆ ನೋವಿಗಿಂತ ದೊಡ್ಡ ಚಿಂತೆ ಒಂದಿತ್ತು. ಅದರ ಹೆಸರು ಜಯಕ್ಕ.

ಜಯಕ್ಕ ನಮ್ಮ ಪಕ್ಕದ ಓಣಿಯವರು, ಎಪ್ಪತ್ತನಾಲ್ಕು ವರ್ಷ. ಹೊಲ ಹೋಗಿ ಸೈಟಾಗಿ, ಸೈಟು ಹೋಗಿ ಬಿಲ್ಡಿಂಗಾಗಿ, ನನ್ನ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಮುಲಾಮು, ಬೆಲ್ಟು, ಆರ್ಥೋ ಡಾಕ್ಟರರ ಕಡೆಗೆ ಹೋದರೂ ಜಯಕ್ಕ ಮಾತ್ರ ನನ್ನ ಬಲಗಾಲನ್ನು ಕೈಬಿಟ್ಟಿರಲಿಲ್ಲ. ಐವತ್ತು ವರ್ಷದಿಂದ ಅವರಿಗೆ ಸೊಂಟ ಹಿಡಿದಾಗಲೆಲ್ಲ ಬೆಳಗ್ಗೆ ನನಗೆ ಕರೆ ಬರುತ್ತದೆ, ನಾನು ಹೋಗಿ ಮೂರು ಸಲ ತಾಗಿಸಿ, ಕಾಲಿಗೆ ಬಿದ್ದು, ಕಾಫಿ ಕುಡಿದು ಬರುತ್ತೇನೆ. ಉಳಿದ ಒಬ್ಬರೇ ಭಕ್ತರು. ನನ್ನ ಕಾಲು ಉಳುಕಿದ ವಾರದಲ್ಲೇ ಅವರ ಸೊಂಟವೂ ಹಿಡಿಯಬೇಕೇ? ಕುಕ್ಕರ್ ಎತ್ತಲು ಬಗ್ಗಿದವರು ಹಾಗೇ ನಿಂತುಬಿಟ್ಟರಂತೆ. ಸೊಸೆ ಫೋನ್ ಮಾಡಿ, “ಡಾಕ್ಟ್ರು ಬೇಡ್ವಂತೆ ಅಂಕಲ್. ರಾಜಣ್ಣ ಬಂದು ಕಾಲು ತಾಗ್ಸೋವರ್ಗೂ ಎಲ್ಲಿಗೂ ಬರಲ್ಲ ಅಂತಾರೆ. ಹಾಸ್ಗೆಯಿಂದ ಎದ್ದೇಳೋಕೇ ಅಳ್ತಾರೆ” ಎಂದಳು.

ನಾನು ಎಡಗಾಲಲ್ಲಿ ನಿಲ್ಲಲಾರೆ. ನಿಲ್ಲಲಾರೆನೆಂದು ಹೇಳಲೂ ಆರೆ. ಉಳುಕು ತೆಗೆಯುವವನಿಗೇ ಉಳುಕು ಎಂದರೆ ಉಳಿದ ಒಂದು ಮರ್ಯಾದೆಯೂ ಹೋಗುತ್ತದಲ್ಲ! ಮೊದಲ ದಿನ ಅಮಾವಾಸ್ಯೆ ಎಂದೆ. ಎರಡನೆಯ ದಿನ ಜ್ವರ ಎಂದೆ. ಮೂರನೆಯ ದಿನ ಹುಳಿಮಾವಿನ ದೊಡ್ಡಪ್ಪನ ಮಗ ಹೋಗಿಬಿಟ್ಟ, ಸೂತಕ, ಹನ್ನೊಂದು ದಿನ ಯಾರಿಗೂ ಕಾಲು ತಾಗಿಸುವಂತಿಲ್ಲ ಎಂದುಬಿಟ್ಟೆ. ಅಲ್ಲಿ ಆ ಹೆಂಗಸು ಎದ್ದೇಳಲಾರದೆ ಮಲಗಿದ್ದಾರೆ, ಇಲ್ಲಿ ನಾನು ಮರ್ಯಾದೆಗಾಗಿ ಬದುಕಿದ್ದವನನ್ನು ಸಾಯಿಸುತ್ತಿದ್ದೇನೆ. ನಾಚಿಕೆಯಾಯಿತು. ಆದರೂ ಫೋನ್ ಇಟ್ಟ ಮೇಲೆ ಹನ್ನೊಂದು ದಿನ ಸಿಕ್ಕಿತೆಂದು ಸಮಾಧಾನವೂ ಆಯಿತು.

ದಿವ್ಯಾ ಮೇಡಂ ಅವರ ಕ್ಲಿನಿಕ್ ಒಂದು ಬೇಕರಿಯ ಮೇಲೆ, ಮೊದಲ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಕಾಲು ನೋವಿನವರು ಹತ್ತೊಂಬತ್ತು ಮೆಟ್ಟಿಲು ಹತ್ತಿ, ಕಾಲು ನೋವೆಂದು ಹೇಳಬೇಕು. ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಬರುವುದರಿಂದ ಯಾರೂ ದೂರುವುದಿಲ್ಲ. ಅಲ್ಲಿನ ಬೆಂಚಿನ ಮೇಲೆ ಕೂತಾಗ ನನಗೆ ಒಂದು ವಿಷಯ ತಿಳಿಯಿತು: ಅಷ್ಟು ಪುಟ್ಟ ಗಂಟಿಗೆ ನೋಯಲು ಎಷ್ಟೊಂದು ಕಾರಣ! ಬಿ.ಟಿ.ಎಂ. ಲೇಔಟಿನ ತರುಣನೊಬ್ಬ ವರ್ಷವಿಡೀ ಕುರ್ಚಿಯಲ್ಲಿ ಕೂತಿದ್ದು, ಒಂದು ಭಾನುವಾರ ಏಕ್‌ದಂ ಹತ್ತು ಕಿಲೋಮೀಟರ್ ಓಡಿ ಹಿಮ್ಮಡಿಯ ಹಿಂದಿನ ನರ ಊದಿಸಿಕೊಂಡಿದ್ದ. ಅಕ್ಕನ ಮದುವೆಗೆಂದು ಎತ್ತರದ ಚಪ್ಪಲಿ ಹಾಕಿದ ಹುಡುಗಿ ಧಾರೆಯ ಹೊತ್ತಿಗೆ ಬರಿಗಾಲಾಗಿದ್ದಳು. ಬನಶಂಕರಿಯ ದೋಸೆ ಭಟ್ಟರು ದಿನವಿಡೀ ತೆಳು ಹವಾಯಿ ಚಪ್ಪಲಿಯಲ್ಲಿ ಕಾವಲಿ ಮುಂದೆ ನಿಂತು ಪಾದ ಚಪ್ಪಟೆ ಮಾಡಿಕೊಂಡಿದ್ದರು. ಇನ್ನೊಬ್ಬರಿಗೆ ಏನೂ ಆಗದೆ ರಾತ್ರೋರಾತ್ರಿ ಗಂಟು ಕೆಂಪಗಾಗಿ ಉರಿಯುತ್ತಿತ್ತು. ಅವರನ್ನು ಮೇಡಂ, “ಇದು ನನ್ ಕೆಲ್ಸ ಅಲ್ಲ ಸಾರ್, ಯೂರಿಕ್ ಆ್ಯಸಿಡ್ ಇರ್ಬೋದು, ಮೊದ್ಲು ಡಾಕ್ಟ್ರಿಗೆ ತೋರ್ಸಿ” ಎಂದು ಮೆಟ್ಟಿಲು ಇಳಿಸಿದರು. ಹತ್ತಿದ್ದಕ್ಕೆ ಪಾಪ, ಬಿಸ್ಕತ್ತು ಕೊಂಡು ಹೋದರು.

ನನ್ನ ಸರದಿ ಬಂದಾಗ ಮೇಡಂ ಎಡಗಾಲನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಮೆಲ್ಲಗೆ ಆಡಿಸಿ, ಬಲಗಾಲನ್ನೂ ಹಾಗೇ ಆಡಿಸಿ, “ಇದು ಮೊದ್ಲನೇ ಸಲ ಅಲ್ಲ ಅಲ್ವಾ ಅಂಕಲ್?” ಎಂದರು.

“ಅಲ್ಲಮ್ಮ. ವರ್ಷಕ್ಕೊಂದ್ಸಲ ಆಗ್ತಾನೇ ಇರುತ್ತೆ, ಗಣೇಶನ ಹಬ್ಬದ ಥರ.”

“ಮೊಟ್ಟಮೊದ್ಲು ಯಾವಾಗ ಆಗಿದ್ದು? ಆಗ ರೆಸ್ಟ್ ತಗೊಂಡ್ರಾ?”

ಲಲಿತ ನನ್ನ ಮುಖ ನೋಡಿದಳು. ಮೂವತ್ತಾರು ವರ್ಷ ಸಂಸಾರ ಮಾಡಿದವಳಿಗೂ ಹೇಳದಿದ್ದ ಒಂದು ಮಾತು ಅಲ್ಲಿ ಹೊರಬರಬೇಕಾಯಿತು.

ಆಗ ನನಗೆ ಹತ್ತು ವರ್ಷ. ನಮ್ಮ ಹೊಲದ ಅಂಚಿನಲ್ಲಿ ಒಂದು ಸೀಬೆ ಮರವಿತ್ತು, ಈಗ ಅಲ್ಲಿ ಬೈಕ್ ಶೋರೂಂ ಇದೆ. ಅದರಿಂದ ಬಿದ್ದು ಎಡಗಾಲು ಉಳುಕಿತು. ಕುಂಟಿಕೊಂಡು ಮನೆಗೆ ಬಂದೆ. ಅಜ್ಜಿ ಮೊದಲು ಮಾಡಿದ ಕೆಲಸವೆಂದರೆ ಬಾಗಿಲು ಹಾಕಿದ್ದು. ಎರಡನೆಯದು, “ಯಾರೂ ನೋಡ್ಲಿಲ್ಲ ತಾನೇ?” ಎಂದು ಕೇಳಿದ್ದು. ಉಳುಕು ತೆಗೆಯುವ ಹುಡುಗನಿಗೇ ಉಳುಕು ಎಂದು ಗೊತ್ತಾದರೆ ಮನೆತನದ ಗತಿಯೇನು? ಮೊದಲು ನನ್ನ ಬಲಗಾಲಿನಿಂದ ನನ್ನ ಎಡಗಾಲಿಗೇ ತಾಗಿಸುವ ಪ್ರಯತ್ನ ನಡೆಯಿತು. ಅದಕ್ಕೆ ಎಡಗಾಲಲ್ಲಿ ನಿಲ್ಲಬೇಕು. ನಿಂತರೆ ನೋವು, ಕೂತರೆ ನಿಯಮಭಂಗ. ಅಜ್ಜಿಯೂ ನಾನೂ ಈ ಸಮಸ್ಯೆಯನ್ನು ತುಂಬ ಹೊತ್ತು ಯೋಚಿಸಿದೆವು. ಕೊನೆಗೆ ಬಿಸಿ ಹರಳೆಣ್ಣೆ, ಹುಣಸೆ ಉಪ್ಪಿನ ಪಟ್ಟು.

ಮರುದಿನ ಬೆಳಗ್ಗೆ ಜಗಲಿಯ ಮುಂದೆ ಹೊಸ ಸೊಸೆಯೊಬ್ಬಳನ್ನು ಅವಳ ಅತ್ತೆ ಕರೆದುಕೊಂಡು ಬಂದಿದ್ದಳು. ಅವಳೇ ಜಯಕ್ಕ. ಇಪ್ಪತ್ತನಾಲ್ಕು ವರ್ಷ, ಬಾವಿಯಿಂದ ಕೊಡ ಎತ್ತುವಾಗ ಸೊಂಟ ಹಿಡಿದಿತ್ತು. ಅಜ್ಜಿ ನನ್ನ ಕಿವಿಯಲ್ಲಿ, “ಮೂರೇ ಮೂರು. ಹಲ್ಲು ಕಚ್ಕೊಂಡು ನಿಂತ್ಕೋ” ಎಂದಳು. ನಿಂತೆ. ಎಡಗಾಲಲ್ಲಿ ಬೆಂಕಿ ಹತ್ತಿದ ಹಾಗಾಯಿತು. ಕಣ್ಣಲ್ಲಿ ನೀರು ತುಂಬಿ ಮುಂದಿದ್ದ ಬೆನ್ನು ಎರಡಾಗಿ ಕಂಡಿತು. ಯಾವುದಕ್ಕೋ ಒಂದಕ್ಕೆ ತಾಗಿಸಿದೆ. ಒಂದೇ ಸಲಕ್ಕೆ ಜಯಕ್ಕ, “ಹೋಯ್ತು! ಹೋಯ್ತು ಕಣಪ್ಪಾ, ಸಾಕು, ಹೋಗಿ ಕೂತ್ಕೋ” ಎಂದು ನೆಟ್ಟಗೆ ನಿಂತುಬಿಟ್ಟಳು.

ಮೂರು ಬೇಕಾದಲ್ಲಿ ಒಂದೇ! ಆ ಸುದ್ದಿ ಅತ್ತೆಯ ಬಾಯಿಂದ ಹೊರಟು ಕನಕಪುರ ರಸ್ತೆಯುದ್ದಕ್ಕೂ ಹೋಯಿತು. ಮುಂದಿನ ವಾರದಿಂದ ಎತ್ತಿನ ಗಾಡಿಯಲ್ಲಿ ಜನ ಬರತೊಡಗಿದರು. ನನ್ನ ಎಡಗಾಲಿಗೆ ಒಂದು ದಿನದ ರಜೆಯೂ ಸಿಗಲಿಲ್ಲ.

ಇದನ್ನೆಲ್ಲ ಕೇಳಿ ದಿವ್ಯಾ ಮೇಡಂ ನಗುವರೆಂದುಕೊಂಡಿದ್ದೆ. ಅವರು ನಗಲಿಲ್ಲ. “ಮೂಳೆಗೂ ಮೂಳೆಗೂ ಕಟ್ಟಿರೋ ಹಗ್ಗ ಅದು ಅಂಕಲ್, ಲಿಗಮೆಂಟು. ಎಳೆದಾಗ ಸರಿಯಾಗಿ ವಾಸಿ ಆಗೋಕೆ ಬಿಡ್ದೇ ಇದ್ರೆ ಸಡಿಲ ಆಗಿ ಉಳ್ಕೊಳ್ಳುತ್ತೆ. ಕಾಲಿಗೆ ಬ್ಯಾಲೆನ್ಸೇ ಮರ್ತೋಗುತ್ತೆ. ಅದಕ್ಕೇ ಪದೇ ಪದೇ ಮಡಚುತ್ತೆ. ಪರವಾಗಿಲ್ಲ, ಸುತ್ತ ಇರೋ ಮಸಲ್ಸ್ ಗಟ್ಟಿ ಮಾಡೋಣ, ಬ್ಯಾಲೆನ್ಸ್ ಮತ್ತೆ ಕಲ್ಸೋಣ. ಈ ವಯಸ್ಸಲ್ಲೂ ಕಲಿಯುತ್ತೆ” ಎಂದರು. ನನಗೆ ಯಾಕೋ ಎಡಗಾಲಿನ ಮೇಲೆ ತುಂಬ ಕನಿಕರ ಬಂತು. ಹೆಸರು, ಕೊಬ್ಬರಿ, ಬೆಲ್ಲ ಎಲ್ಲ ಬಲಗಾಲಿಗೆ. ಭಾರವೆಲ್ಲ ಇದಕ್ಕೆ.

ಮೊದಲ ಕೆಲವು ದಿನ ಬಟ್ಟೆ ಸುತ್ತಿದ ಐಸು, ಬ್ಯಾಂಡೇಜು, ದಿಂಬಿನ ಮೇಲೆ ಕಾಲು. ಊತ ಇಳಿದ ಮೇಲೆ ಪಾಠ ಶುರು. ಗಾಳಿಯಲ್ಲಿ ಹೆಬ್ಬೆರಳಿನಿಂದ ಎ ಬಿ ಸಿ ಡಿ ಬರೆಯಬೇಕೆಂದರು. ನಾನು ಕನ್ನಡದಲ್ಲಿ ಬರೆಯುತ್ತೇನೆಂದೆ. ಅ, ಆ ಸಲೀಸು. ಋ ಬಂದಾಗ ಗಂಟಿಗೆ ಬೆವರಿಳಿಯಿತು. ನೆಲದ ಮೇಲಿನ ಟವೆಲ್ಲನ್ನು ಕಾಲ್ಬೆರಳಿಂದ ಎಳೆದುಕೊಳ್ಳುವುದು, ಹಳದಿ ರಬ್ಬರ್ ಪಟ್ಟಿಯನ್ನು ಪಾದಕ್ಕೆ ಸಿಕ್ಕಿಸಿ ಹೊರಕ್ಕೆ ತಳ್ಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಈ ರಬ್ಬರ್ ಪಟ್ಟಿಯನ್ನು ನಾನು ಕಿಟಕಿಗೆ ಕಟ್ಟಿದ್ದೆ, ಲಲಿತ ಅದರ ಮೇಲೆ ಕರ್ಚೀಫು ಒಣಹಾಕಿದಳು. ಕೊನೆಯದು, ಎಡಗಾಲಲ್ಲಿ ಮೂವತ್ತು ಸೆಕೆಂಡು ನಿಲ್ಲುವುದು. “ಅದಾ? ಅದ್ರಲ್ಲಿ ನನಗೆ ಹುಟ್ಟಿನಿಂದ ಸರ್ವಿಸ್ ಇದೆ” ಎಂದು ಬಲಗಾಲು ಎತ್ತಿದೆ. ನಾಲ್ಕನೆಯ ಸೆಕೆಂಡಿಗೆ ಮೇಡಂ ನನ್ನ ತೋಳು ಹಿಡಿದುಕೊಂಡಿದ್ದರು.

ಸೂತಕದ ಒಂಬತ್ತನೆಯ ದಿನ ನಾನು ನಡುಮನೆಯಲ್ಲಿ ಕೂತು ಋಕಾರ ಬರೆಯುತ್ತಿದ್ದೆ. ಗೇಟಿನ ಸದ್ದಾಯಿತು. ನೋಡಿದರೆ ಜಯಕ್ಕ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ, ಅರ್ಧ ಬಗ್ಗಿದ ದೇಹ, ಹಿಂದೆ ಗಾಬರಿಯ ಸೊಸೆ. ಕಾಲನ್ನು ಮುಚ್ಚಲು ಪೇಪರ್ ಹುಡುಕಿದೆ, ಸಿಗಲಿಲ್ಲ.

“ಹುಳಿಮಾವಿನೋನು ಸತ್ತ ಅಂದ್ಯಲ್ಲೋ ರಾಜ. ನಿನ್ನೆ ನಮ್ಮನೇಗ್ ಬಂದಿದ್ದ. ಎರಡ್ ಲೋಟ ಕಾಫಿ ಕುಡ್ದ.”

ಲಲಿತ ಒಳಗೆ ಹೋಗಿಬಿಟ್ಟಳು, ನಗು ತಡೆಯಲಾರದೆ. ಜಯಕ್ಕನ ಕಣ್ಣು ನನ್ನ ಬ್ಯಾಂಡೇಜಿನ ಮೇಲೆ ನಿಂತಿತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಪಾರ್ಕು, ಎಂಟರ ದಾರಿ, ದಿವ್ಯಾ ಮೇಡಂ, ಮತ್ತೆ ಆ ಹಳೆಯದು. “ಜಯಕ್ಕ, ನಿಮ್ಗೆ ಮೊದಲ ಸಲ ಕಾಲು ತಾಗ್ಸಿದ್ನಲ್ಲ, ಒಂದೇ ಏಟಿಗೆ ಹೋಯ್ತು ಅಂದ್ರಲ್ಲ, ಆವತ್ತೂ ನನ್ನ ಕಾಲು ಉಳುಕಿತ್ತು. ನಿಮ್ಗೆಲ್ಲ ಸುಳ್ಳು ಹೇಳಿದ್ವಿ.”

“ಗೊತ್ತು” ಎಂದರು ಜಯಕ್ಕ.

“ಹೆಂಗೆ?”

“ನನ್ ತಲೆ ಕೆಳಗಿತ್ತಲ್ಲೋ. ಎಲ್ರೂ ನಿನ್ ಬಲಗಾಲು ನೋಡ್ತಿದ್ರು, ನನಗೆ ಕಾಣ್ತಿದ್ದದ್ದು ಎಡಗಾಲೊಂದೇ. ಬೂದ್ಗುಂಬಳಕಾಯಿ ಥರ ಊದಿತ್ತು, ಗಡಗಡ ನಡುಗ್ತಿತ್ತು. ಇನ್ನೆರಡು ಸಲ ನಿಲ್ಲಿಸ್ಲಾ? ಹೋಯ್ತು ಅಂದ್ಬಿಟ್ಟೆ.”

“ಅಂದ್ರೆ ಸೊಂಟ ಹೋಗ್ಲಿಲ್ವಾ?”

“ಎಲ್ಲಿ ಹೋಯ್ತು! ಎಂಟು ದಿನ ಹಂಗೇ ಇತ್ತು. ಹೋಯ್ತು ಅಂತ ನಾನೇ ಹೇಳಿದ್ಮೇಲೆ ಅತ್ತೆ ಬಿಡ್ತಾಳಾ? ಮಾರ್ನೇ ದಿನಾನೇ ಬಾವಿಗೆ ಕಳ್ಸಿದ್ಲು. ನೆಟ್ಟಗೆ ನಡೀತಾ ನೀರು ಹೊತ್ತೆ. ಆಮೇಲಿನ ಸಲ ಎಲ್ಲ ಹೋಯ್ತು, ಅದು ಸುಳ್ಳಲ್ಲ. ಆವತ್ತೊಂದ್ ದಿನ ಮಾತ್ರ ಹೋಗ್ಲಿಲ್ಲ.”

ಐವತ್ತು ವರ್ಷ ನನ್ನ ಅತಿದೊಡ್ಡ ಪವಾಡವೆಂದು ನಾನು ಹೇಳಿಕೊಂಡು ತಿರುಗಿದ್ದು ಈ ಹೆಂಗಸು ಎಂಟು ದಿನ ನೋವು ನುಂಗಿ ಹೊತ್ತ ನೀರಾಗಿತ್ತು. ಅಂಥವರನ್ನು ನಾನು ಒಂಬತ್ತು ದಿನ ಸೂತಕದ ಹೆಸರಲ್ಲಿ ನರಳಿಸಿದ್ದೆ. ಎದ್ದು ಅವರ ಕಾಲಿಗೆ ಬಿದ್ದೆ. ಒದೆಯದೆ ಅವರ ಕಾಲಿಗೆ ಬಿದ್ದದ್ದು ಅದೇ ಮೊದಲು.

“ಏಳು, ಏಳು. ನಿನ್ ಕಾಲು ರಿಪೇರಿ ಮಾಡ್ತಾವ್ಳಲ್ಲ, ಯಾರವ್ಳು? ನನ್ನೂ ಅಲ್ಲಿಗೇ ಕರ್ಕೊಂಡ್ ಹೋಗು” ಎಂದರು ಜಯಕ್ಕ.

ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಬೇಕರಿಯ ಮೇಲಕ್ಕೆ. ಹತ್ತೊಂಬತ್ತು ಮೆಟ್ಟಿಲನ್ನು ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಹತ್ತಿದ್ದನ್ನು ನೋಡಿ ದೋಸೆ ಭಟ್ಟರು ಎದ್ದು ಬೆಂಚು ಬಿಟ್ಟುಕೊಟ್ಟರು. ಮಂಡಿ ಮಡಚಿ ಮಲಗುವುದು, ಬೆನ್ನು ಬಗ್ಗಿಸದೆ ಕುಕ್ಕರ್ ಎತ್ತುವುದು ಇತ್ಯಾದಿ ಜಯಕ್ಕನ ಪಾಠ. ನನ್ನದು ಒಂಟಿ ಕಾಲಿನ ಪಾಠ. ವಾರಕ್ಕೆ ಮೂರು ದಿನ, ಆರು ವಾರ. ಜಯಕ್ಕನ ಸೊಂಟ ಮುಕ್ಕಾಲು ಪಾಲು ಸಡಿಲವಾಯಿತು. ನನ್ನ ನಾಲ್ಕು ಸೆಕೆಂಡು ಹನ್ನೆರಡಾಯಿತು, ಇಪ್ಪತ್ತಾಯಿತು.

ಮೊನ್ನೆ ಬೆಳಗ್ಗೆ ಮೇಡಂ, “ಇವತ್ತು ಮೂವತ್ತು ಮಾಡ್ಬಿಡೋಣ ಅಂಕಲ್” ಎಂದು ಗಡಿಯಾರ ಹಿಡಿದು ನಿಂತರು. ಜಯಕ್ಕ ಪಕ್ಕದ ಮಂಚಕ್ಕೆ ಕೈಯೂರಿ ತಮ್ಮ ವ್ಯಾಯಾಮ ಮಾಡುತ್ತಿದ್ದರು. ನಾನು ಬಲಗಾಲೆತ್ತಿದೆ. ಹತ್ತು. ಹದಿನೈದು. ಇಪ್ಪತ್ತು ಎನ್ನುವಷ್ಟರಲ್ಲಿ ಜಯಕ್ಕ ಕೈಯೂರಿದ ಹಾಗೇ ಹಿಂದಕ್ಕೆ ಸರಿದು, ನನ್ನ ಮುಂದೆ ಬೆನ್ನು ಮಾಡಿ ಬಗ್ಗಿದರು.

“ಹೆಂಗೂ ಎತ್ತಿದ್ದೀಯಲ್ಲ, ತಾಗ್ಸಿಬಿಡು.”

ನಾನು ಮೇಡಂ ಕಡೆ ನೋಡಿದೆ. ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಒದೀಬೇಡಿ ಅಂಕಲ್. ಸುಮ್ನೆ ತಾಗ್ಸೋದಾದ್ರೆ... ಬ್ಯಾಲೆನ್ಸಿಗೆ ಒಳ್ಳೇದೇ” ಎಂದರು.

ಒಂದು. ಎರಡು. ಮೂರು. ಯಾರೂ ನನ್ನನ್ನು ಹಿಡಿದುಕೊಂಡಿರಲಿಲ್ಲ. ಜಯಕ್ಕ ಕೂಡಲೇ ಏಳಲಿಲ್ಲ. ತಲೆ ತಗ್ಗಿಸಿದ ಹಾಗೇ ತುಂಬ ಹೊತ್ತು ನನ್ನ ಎಡಗಾಲನ್ನು ನೋಡಿದರು.

“ಹೋಯ್ತಾ ಜಯಕ್ಕ?” ಎಂದೆ.

“ಇಲ್ಲ ಕಣೋ, ಇನ್ನೂ ಚೂರು ಇದೆ” ಎಂದರು. “ಇನ್ನೊಂದ್ಸಲ ತಾಗ್ಸು. ನಿನ್ ಕಾಲು ಈಗ ನಡುಗ್ತಿಲ್ವಲ್ಲ.”